ಐದು ನಿಮಿಷದ ಶಾಸ್ತ್ರ

ಭಾನುವಾರ ಬೆಳಿಗ್ಗೆ ಎಂಟೂವರೆ. ಮೈಸೂರಿನ ಕುವೆಂಪುನಗರವೋ, ಶಿವಮೊಗ್ಗದ ವಿನೋಬನಗರವೋ, ಹುಬ್ಬಳ್ಳಿಯ ವಿದ್ಯಾನಗರವೋ, ಯಾವ ಬಡಾವಣೆಯಾದರೂ ಸರಿ. ನಿವೃತ್ತ ಯಜಮಾನರೊಬ್ಬರು ಪಂಚೆ ಎತ್ತಿಕಟ್ಟಿ, ಪೋರ್ಟಿಕೋದಲ್ಲಿ ನಿಂತ ಮಗನ ಬೈಕಿನ ಮೇಲಿಂದ ನೀಲಿ ತಾರ್ಪಾಲು ಸರಿಸುತ್ತಾರೆ. ಕೀಲಿ ತಿರುಗಿಸಿ ಸೆಲ್ಫ್ ಒತ್ತುತ್ತಾರೆ. ಗಾಡಿ ಕೊರ್ರೆಂದು ಸುಮ್ಮನಾಗುತ್ತದೆ. ಎರಡನೇ ಸಲವೂ ಅಷ್ಟೇ. ಮೂರನೇ ಸಲಕ್ಕೆ ಕೆಮ್ಮಿಕೊಂಡು ಎದ್ದ ಇಂಜಿನ್‌ಗೆ ಎರಡು ಬಾರಿ ಆಕ್ಸಿಲರೇಟರ್ ತಿರುವಿ, ಒಳಗಿನ ಕಡೆ ಮುಖ ಮಾಡಿ "ಕಾಫಿ ಆಯ್ತೇನೇ?" ಅನ್ನುತ್ತಾರೆ. ಲೋಟ ಖಾಲಿಯಾಗುವ ಹೊತ್ತಿಗೆ ಇಂಜಿನ್ ಬಂದ್. ಸೈಲೆನ್ಸರ್ ಬಾಯಿಂದ ನೆಲಕ್ಕೆ ನಾಲ್ಕು ಹನಿ ಕಪ್ಪು ನೀರು ಬಿದ್ದಿರುತ್ತದೆ. ಅದರ ಮೇಲೇ ತಾರ್ಪಾಲಿನ ಅಂಚು ಬಂದು ಕೂರುತ್ತದೆ. ರಾತ್ರಿ ಡಲ್ಲಾಸ್‌ನಿಂದಲೋ ದುಬೈನಿಂದಲೋ ಫೋನು. "ಅಪ್ಪಾ, ಗಾಡಿ ಸ್ಟಾರ್ಟ್ ಮಾಡಿದ್ರಾ?" "ಹ್ಞೂಂ ಕಣೋ, ಐದು ನಿಮಿಷ ಬಿಟ್ಟಿದ್ದೆ. ಒಳ್ಳೇ ಕಂಡೀಷನ್‌ನಲ್ಲಿದೆ."

ಇಲ್ಲ. ಒಳ್ಳೇ ಕಂಡೀಷನ್‌ನಲ್ಲಿಲ್ಲ. ಆ ಯಜಮಾನರು ಇದೀಗ ಮಗನ ಗಾಡಿಯ ಆಯುಸ್ಸಿನಿಂದ ಒಂದಿಷ್ಟನ್ನು ಕೈಯಾರೆ ಕಡಿದಿದ್ದಾರೆ. ತಪ್ಪು ಅವರದಲ್ಲ. ಊರಿಗೆ ಊರೇ ಹೇಳಿಕೊಟ್ಟ ಪಾಠ ಅದು. ಆರು ತಿಂಗಳು, ವರ್ಷ, ಎರಡು ವರ್ಷ ಊರು ಬಿಟ್ಟು ಹೋಗುವವರಿಗೆ ಸೋದರಮಾವನಿಂದ ಹಿಡಿದು ಅಪಾರ್ಟ್‌ಮೆಂಟಿನ ವಾಚ್‌ಮನ್‌ವರೆಗೆ ಎಲ್ಲರೂ ಕೊಡುವ ಸಲಹೆ ಒಂದೇ: "ವಾರಕ್ಕೊಂದ್ಸಲ ಸ್ಟಾರ್ಟ್ ಮಾಡಿ ಬಿಟ್ರೆ ಆಯ್ತು." ಕೆಲವು ಮೆಕ್ಯಾನಿಕ್‌ಗಳೂ ಇದನ್ನೇ ಹೇಳುತ್ತಾರೆ. ಇಷ್ಟು ಸಲೀಸಾಗಿ ಒಪ್ಪಿಕೊಂಡ, ಇಷ್ಟು ಹಾನಿ ಮಾಡುವ ಸಲಹೆ ದ್ವಿಚಕ್ರ ವಾಹನಗಳ ಲೋಕದಲ್ಲಿ ಇನ್ನೊಂದಿಲ್ಲ.

ಆ ನಾಲ್ಕು ಹನಿ ಎಲ್ಲಿಂದ ಬಂತು? ಪೆಟ್ರೋಲ್ ಎಂದರೆ ಇಂಗಾಲ ಮತ್ತು ಹೈಡ್ರೋಜನ್. ಉರಿದಾಗ ಹೈಡ್ರೋಜನ್ ನೀರಾಗುತ್ತದೆ. ಒಂದು ಲೀಟರ್ ಪೆಟ್ರೋಲ್ ಪೂರ್ತಿ ಉರಿದರೆ ಹೆಚ್ಚುಕಡಿಮೆ ಒಂದು ಲೀಟರ್ ನೀರೇ ಹುಟ್ಟುತ್ತದೆ. ಹೈಸ್ಕೂಲಿನ ರಸಾಯನಶಾಸ್ತ್ರ ನೆನಪಿರುವ ಯಾರಾದರೂ ಲೆಕ್ಕ ಹಾಕಿ ನೋಡಬಹುದು. ಗಾಡಿ ರಸ್ತೆಯಲ್ಲಿ ಅರ್ಧ ಗಂಟೆ ಓಡಿದರೆ ಇಂಜಿನ್ನೂ ಸೈಲೆನ್ಸರೂ ಕಾದು, ಆ ನೀರು ಆವಿಯಾಗಿ ಹೊರಗೆ ಹೋಗುತ್ತದೆ. ನಿಂತಲ್ಲೇ ಐದು ನಿಮಿಷ ಗುರುಗುಟ್ಟಿದರೆ ಕಾಯುವುದು ಸಿಲಿಂಡರ್ ತಲೆ ಮಾತ್ರ. ಕೆಳಗಿನ ಆಯಿಲ್ ಉಗುರುಬೆಚ್ಚಗೂ ಆಗಿರುವುದಿಲ್ಲ. ಆವಿ ತಣ್ಣನೆಯ ತಗಡಿಗೆ ತಾಗಿ ಮತ್ತೆ ನೀರಾಗಿ ಒಳಗೇ ಕೂರುತ್ತದೆ. ಸೈಲೆನ್ಸರ್ ಒಳಗಿನಿಂದ ತುಕ್ಕು ತಿನ್ನತೊಡಗುತ್ತದೆ. ಪಿಸ್ಟನ್ ರಿಂಗಿನ ಸಂದಿಯಿಂದ ನುಸುಳಿದ ಆವಿ ಆಯಿಲ್‌ಗೆ ಬೆರೆಯುತ್ತದೆ. ಹೀಗೆ ತಿಂಗಳುಗಟ್ಟಲೆ 'ಸ್ಟಾರ್ಟ್ ಮಾಡಿ ಬಿಟ್ಟ' ಗಾಡಿಯ ಆಯಿಲ್ ಮುಚ್ಚಳ ಬಿಚ್ಚಿದರೆ ಒಳಬದಿಯಲ್ಲಿ ಮಜ್ಜಿಗೆ ಬಣ್ಣದ ನೊರೆ ಮೆತ್ತಿಕೊಂಡಿರುವುದು ಕಾಣಿಸಬಹುದು.

ಅಷ್ಟಕ್ಕೇ ಮುಗಿಯುವುದಿಲ್ಲ. ತಣ್ಣನೆಯ ಇಂಜಿನ್ ಎದ್ದೇಳಲು ಹೆಚ್ಚು ಪೆಟ್ರೋಲ್ ಬೇಡುತ್ತದೆ. ಚೋಕ್ ಇದ್ದ ಗಾಡಿಯಲ್ಲಿ ಅದನ್ನು ಕೈಯಿಂದ ಎಳೆದುಕೊಡುತ್ತಿದ್ದರು, ಈಗ ಕಂಪ್ಯೂಟರೇ ಸುರಿಯುತ್ತದೆ. ಉರಿಯದೆ ಉಳಿದ ಪೆಟ್ರೋಲ್ ಸಿಲಿಂಡರ್ ಗೋಡೆಯ ಆಯಿಲ್ ಪದರವನ್ನು ತೊಳೆದುಕೊಂಡು ಕೆಳಗಿಳಿಯುತ್ತದೆ. ಅಂದರೆ ತುಕ್ಕಿನಿಂದ ಕಾಪಾಡುತ್ತಿದ್ದ ಪದರವನ್ನು ತೊಳೆದು, ಮೇಲೆ ನೀರು ಚಿಮುಕಿಸಿ, ಇನ್ನೊಂದು ವಾರ ಕತ್ತಲಲ್ಲಿ ನಿಲ್ಲಿಸಿದ ಹಾಗಾಯಿತು. ವರ್ಷಕ್ಕೆ 52 ಸಲ. ಎಣ್ಣೆಸ್ನಾನ ಮಾಡಿಸಿ ತಲೆ ಒರೆಸದೆ ಮಗುವನ್ನು ಗಾಳಿಗೆ ಕೂರಿಸುವ ತಾಯಿ ಎಲ್ಲಾದರೂ ಇದ್ದಾಳೆಯೆ? ಗಾಡಿಗೆ ಮಾತ್ರ ಇದನ್ನು ಆರೈಕೆ ಅನ್ನುತ್ತಾರೆ.

"ಅದೇನೇ ಇರಲಿ, ಬ್ಯಾಟರಿಯಾದರೂ ಚಾರ್ಜ್ ಆಗುತ್ತಲ್ಲ?" ಶಾಸ್ತ್ರಿಗಳ ಬತ್ತಳಿಕೆಯ ಎರಡನೇ ಬಾಣ ಇದು. ಮೊದಲನೆಯದಕ್ಕಿಂತ ಮೊಂಡು. ಬ್ಯಾಟರಿಯ ದಿನಚರಿಯಲ್ಲಿ ಅತಿ ಭಾರದ ಕೆಲಸ ಸೆಲ್ಫ್ ಮೋಟರನ್ನು ತಿರುಗಿಸುವುದು. ವಾರವಿಡೀ ನಿಂತ ಗಾಡಿಗೆ ಒಂದು ಸೆಲ್ಫ್ ಸಾಲದು, ಮೂರು ನಾಲ್ಕು ಬೇಕು. ಇಂಜಿನ್ ನಿಧಾನಗತಿಯಲ್ಲಿದ್ದಾಗ ಚಾರ್ಜಿಂಗ್ ಕಾಯಿಲ್ ಕೊಡುವ ಕರೆಂಟು ಅತ್ಯಲ್ಪ. ಅದರಲ್ಲೂ ಪಾಲು ಕೇಳಲು ಹೆಡ್‌ಲೈಟ್ ಕಾದು ಕೂತಿರುತ್ತದೆ. 2017ರ ಏಪ್ರಿಲ್‌ನಿಂದ ಭಾರತದಲ್ಲಿ ಹೊಸ ದ್ವಿಚಕ್ರ ವಾಹನಗಳ ಹೆಡ್‌ಲೈಟ್ ಇಂಜಿನ್ ಚಾಲೂ ಇರುವಷ್ಟು ಹೊತ್ತೂ ಉರಿಯಲೇಬೇಕೆಂಬ ನಿಯಮ ಬಂತು. ಅದನ್ನು ಆರಿಸುವ ಸ್ವಿಚ್ಚೇ ಈಗ ಹ್ಯಾಂಡಲ್ ಮೇಲಿಲ್ಲ. ಪೋರ್ಟಿಕೋದ ಗೋಡೆಗೆ ಹಾಡಹಗಲೇ ಬೆಳಕು ಬಿಡುತ್ತಾ, ಬ್ಯಾಟರಿಯಿಂದ ಕೈತುಂಬ ತೆಗೆದು ಚಿಟಿಕೆಯಷ್ಟು ವಾಪಸು ಹಾಕುವ ಈ ವ್ಯವಹಾರವನ್ನು ಯಾವ ಅಂಗಡಿಯವನು ಲಾಭ ಎಂದಾನು? ಪೂರ್ತಿ ಚಾರ್ಜ್ ಆದ 12 ವೋಲ್ಟ್ ಬ್ಯಾಟರಿ ವಿಶ್ರಾಂತಿಯಲ್ಲಿ 12.6 ವೋಲ್ಟಿಗಿಂತ ತುಸು ಮೇಲಿರುತ್ತದೆ. 12ಕ್ಕೆ ಇಳಿದರೆ ಅದು ಖಾಲಿ ಎಂದೇ ಲೆಕ್ಕ. ಖಾಲಿಯಾಗಿ ವಾರಗಟ್ಟಲೆ ಕೂತರೆ ಒಳಗಿನ ಸೀಸದ ತಟ್ಟೆಗಳ ಮೇಲೆ ಬಿಳಿ ಸಲ್ಫೇಟ್ ಗಟ್ಟಿಯಾಗುತ್ತದೆ, ಮತ್ತೆ ಚಾರ್ಜ್ ಹಿಡಿಯುವುದಿಲ್ಲ. ಮಗ ಬಂದಾಗ ಹೊಸ ಬ್ಯಾಟರಿಯ ಖರ್ಚು. "ಕಂಪನಿ ಬ್ಯಾಟರಿ ಸರಿಯಿಲ್ಲ" ಎಂಬ ಬೈಗುಳ ಉಚಿತ.

ಇನ್ನು ಟೈರು, ಚೈನು, ಬ್ರೇಕು, ಕ್ಲಚ್ಚು? ನಿಂತಲ್ಲೇ ಗುರುಗುಟ್ಟುವುದರಿಂದ ಇವುಗಳಲ್ಲಿ ಯಾವುದಕ್ಕೆ ಏನು ಸಿಕ್ಕಿತು? ಗಾಡಿಯ ಭಾರವೆಲ್ಲ ಟೈರಿನ ಅದೇ ಎರಡಂಗುಲದ ಮೇಲೆ ಕೂತಿದೆ. ಗಾಳಿ ಇಳಿಯುತ್ತಿದೆ, ರಬ್ಬರು ಅಲ್ಲೇ ಚಪ್ಪಟೆಯಾಗುತ್ತಿದೆ. ಶಾಸ್ತ್ರಕ್ಕೆ ಅದರ ಚಿಂತೆಯಿಲ್ಲ. ಶಬ್ದ ಕೇಳಿಸಿತಲ್ಲ, ಸಾಕು.

ಶಬ್ದವೇ ಈ ನಂಬಿಕೆಯ ಗುಟ್ಟು. ಇಂಜಿನ್ ಶಬ್ದ ಕೇಳಿದರೆ ಗಾಡಿ ಬದುಕಿದೆ ಎಂಬ ಸಮಾಧಾನ. ಆ ಸಮಾಧಾನಕ್ಕಾಗಿ ತೆರುವ ಬೆಲೆ ಕೆಲವೊಮ್ಮೆ ಗಾಡಿಗಿಂತ ದೊಡ್ಡದು. ಇಂಜಿನ್ ಹೊಗೆಯಲ್ಲಿರುವ ಕಾರ್ಬನ್ ಮೊನಾಕ್ಸೈಡ್‌ಗೆ ಬಣ್ಣವಿಲ್ಲ, ವಾಸನೆಯಿಲ್ಲ. ಗೇಟಿಗೆ ತಗಡು ಬಡಿದು, ಸುತ್ತ ಗ್ರಿಲ್‌ಗೆ ಗಾಜು ಕೂರಿಸಿ ಮುಚ್ಚಿದ ಗ್ಯಾರೇಜುಗಳು ಈಗ ಪ್ರತಿ ಬಡಾವಣೆಯಲ್ಲಿವೆ. ಎಪ್ಪತ್ತು ದಾಟಿದ ತಂದೆಯನ್ನು ವಾರಕ್ಕೊಮ್ಮೆ ಅಂಥ ಗೂಡಿನಲ್ಲಿ ಹೊಗೆಯ ಜೊತೆ ನಿಲ್ಲಿಸುವುದು ಯಾವ ಊರಿನ ಜಾಣತನ?

ಇಲ್ಲಿ ಶಾಸ್ತ್ರದ ಪರವಾದವರು ಹಿರಿಯರನ್ನು ಸಾಕ್ಷಿಗೆ ಕರೆಯುತ್ತಾರೆ. "ನಮ್ಮಪ್ಪ ಯೆಜ್ಡಿಗೆ ಹೀಗೇ ಮಾಡ್ತಿದ್ರು. ಇಪ್ಪತ್ತೈದು ವರ್ಷ ಓಡ್ತು." ಓಡಿರಬಹುದು. 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಬಾಗಿಲು ತೆರೆದು 1996ರಲ್ಲಿ ಮುಚ್ಚಿದ ಐಡಿಯಲ್ ಜಾವಾ ಕಾರ್ಖಾನೆಯ ಆ ಗಾಡಿ ಎಂಥದ್ದು ಎಂದು ಈ ಸಾಕ್ಷಿಗಳು ಒಮ್ಮೆಯಾದರೂ ಯೋಚಿಸಿದ್ದುಂಟೆ? ಯೆಜ್ಡಿಯದು ಟೂ ಸ್ಟ್ರೋಕ್ ಇಂಜಿನ್. ಪೆಟ್ರೋಲ್‌ಗೇ ಆಯಿಲ್ ಬೆರೆಸಿ ಹಾಕುತ್ತಿದ್ದರು, ಉರಿದ ಮೇಲೂ ಒಳಗೆಲ್ಲ ಎಣ್ಣೆಯ ಪಸೆ ಉಳಿಯುತ್ತಿತ್ತು. ಒಂದೇ ಸನ್ನೆ ಕಿಕ್ಕರೂ ಆಗುತ್ತಿತ್ತು, ಮುಂದಕ್ಕೆ ಮಡಚಿದರೆ ಗೇರೂ ಆಗುತ್ತಿತ್ತು. ಸೆಲ್ಫಿನ ಮಾತೇ ಇರಲಿಲ್ಲ. ಎಲ್ಲಕ್ಕಿಂತ ಮುಖ್ಯ, ಟ್ಯಾಂಕಿನ ಕೆಳಗೆ ಪೆಟ್ರೋಲ್ ಕಾಕ್ ಇತ್ತು. ತಿಳಿದವರು ಊರಿಗೆ ಹೊರಡುವ ಮುನ್ನ ಅದನ್ನು ಮುಚ್ಚಿ, ಕಾರ್ಬೊರೇಟರ್‌ನಲ್ಲಿ ಉಳಿದ ಪೆಟ್ರೋಲ್ ತೀರಿ ಇಂಜಿನ್ ತಾನಾಗಿಯೇ ನಿಲ್ಲುವವರೆಗೆ ಕಾಯುತ್ತಿದ್ದರು. ಅಪ್ಪನಿಂದ ಕಲಿಯಬೇಕಾದ ಪಾಠ ಅದಾಗಿತ್ತು. ಮಕ್ಕಳು ಅದನ್ನು ಮರೆತು ರೊಂಯ್ ರೊಂಯ್ ಮಾತ್ರ ನೆನಪಿಟ್ಟುಕೊಂಡರು.

2020ರ ಏಪ್ರಿಲ್‌ನಲ್ಲಿ ಬಿಎಸ್-6 ಹೊಗೆ ನಿಯಮ ಬಂದ ಮೇಲೆ ಕಾರ್ಬೊರೇಟರ್ ಹೆಚ್ಚುಕಡಿಮೆ ಮನೆ ಬಿಟ್ಟಿತು. ಫ್ಯೂಯೆಲ್ ಇಂಜೆಕ್ಷನ್ ಗಾಡಿಗೆ ಕಾಕ್ ಇಲ್ಲ. ಟ್ಯಾಂಕಿನೊಳಗೇ ಪಂಪು ಮುಳುಗಿ ಕೂತಿದೆ. ಟ್ಯಾಂಕಿನಲ್ಲಿರುವ ಪೆಟ್ರೋಲೂ ಅಪ್ಪನ ಕಾಲದ್ದಲ್ಲ. ಶೇ 20 ಎಥನಾಲ್ ಬೆರೆಸಿದ ಪೆಟ್ರೋಲನ್ನು ಪ್ರಧಾನಿ ಬಿಡುಗಡೆ ಮಾಡಿದ್ದು 2023ರ ಫೆಬ್ರುವರಿಯಲ್ಲಿ, ಬೆಂಗಳೂರಿನ ಇಂಧನ ಸಮ್ಮೇಳನದಲ್ಲಿ. 2030ಕ್ಕೆಂದು ಇಟ್ಟುಕೊಂಡಿದ್ದ ಗುರಿಯನ್ನು ಹಿಂದಕ್ಕೆ ಎಳೆದು 2025ರಲ್ಲೇ ಮುಟ್ಟಿದ್ದೂ ಆಯಿತು. ಎಥನಾಲ್‌ನ ಗುಣ ಒಂದಿದೆ: ಗಾಳಿಯ ತೇವವನ್ನು ಉಪ್ಪಿನ ಹಾಗೆ ಹೀರಿಕೊಳ್ಳುತ್ತದೆ. ಅರ್ಧ ಖಾಲಿ ಟ್ಯಾಂಕಿನಲ್ಲಿ ಗಾಳಿ ಹೆಚ್ಚು, ತೇವವೂ ಹೆಚ್ಚು. ಹೀರುವ ಮಿತಿ ಮೀರಿದಾಗ ನೀರೂ ಎಥನಾಲೂ ಒಟ್ಟಾಗಿ ಪೆಟ್ರೋಲ್‌ನಿಂದ ಬೇರ್ಪಟ್ಟು ತಳಕ್ಕಿಳಿಯುತ್ತವೆ. ಪಂಪು ಇರುವುದೂ ತಳದಲ್ಲೇ. ವಾರಕ್ಕೊಮ್ಮೆ ಸೆಲ್ಫ್ ಒತ್ತಿದಾಗ ಇಂಜಿನ್ ಕುಡಿಯುವುದು ಯಾವ ತೀರ್ಥವನ್ನು ಎಂದು ಇನ್ನು ಹೇಳಬೇಕಿಲ್ಲ. ಇಂಧನ ಬದಲಾಯಿತು, ಇಂಜಿನ್ ಬದಲಾಯಿತು, ಕಾನೂನು ಬದಲಾಯಿತು. ಸಲಹೆ ಮಾತ್ರ 1975ರಲ್ಲೇ ನಿಂತಿದೆ.

ನಾಡಿಗೆಲ್ಲ ಏಕಕಾಲಕ್ಕೆ ಪಾಠ ಕಲಿಯುವ ಅವಕಾಶ 2020ರಲ್ಲಿ ಒದಗಿತ್ತು. ಮಾರ್ಚ್ 25ರಿಂದ ಮೇ 31ರವರೆಗೆ ನಾಲ್ಕು ಹಂತದ ಲಾಕ್‌ಡೌನ್, ಒಟ್ಟು 68 ದಿನ. ಗಾಡಿಗಳು ನಿಂತಲ್ಲೇ ನಿಂತವು, ಶಾಸ್ತ್ರ ಮನೆಮನೆಯಲ್ಲೂ ನಡೆಯಿತು. ನಿರ್ಬಂಧ ಸಡಿಲವಾದ ವಾರ ಮೆಕ್ಯಾನಿಕ್ ಅಂಗಡಿಗಳ ಮುಂದೆ ಗಾಡಿ ತಳ್ಳಿಕೊಂಡು ಬಂದವರನ್ನು ಕಂಡವರಿಗೆ ಉತ್ತರ ಅಲ್ಲೇ ಸಿಗಬೇಕಿತ್ತು. ಸಿಗಲಿಲ್ಲ.

ಇದರ ಅಣ್ಣನೋ ತಮ್ಮನೋ ಆದ ಇನ್ನೊಂದು ನಂಬಿಕೆ ಪ್ಲಾಸ್ಟಿಕ್ ಹೊದಿಕೆಯದು. ಮಂಗಳೂರಿನಲ್ಲಿ ವರ್ಷಕ್ಕೆ ಮೂರೂವರೆ ಸಾವಿರ ಮಿಲಿಮೀಟರ್‌ಗೂ ಹೆಚ್ಚು ಮಳೆ. ಆಗುಂಬೆಯಲ್ಲಿ ಅದು ಏಳು ಸಾವಿರ ದಾಟುತ್ತದೆ. ಆಟಿ ತಿಂಗಳಲ್ಲಿ ಗೋಡೆಗೆ ತೂಗುಹಾಕಿದ ಚರ್ಮದ ಬೆಲ್ಟಿಗೂ ಬೂಷ್ಟು ಬರುವ ಸೀಮೆಯಲ್ಲಿ, ಗಾಳಿಯಾಡದ ತಾರ್ಪಾಲನ್ನು ಚಕ್ರದವರೆಗೆ ಬಿಗಿದು ಕಟ್ಟುವುದೆಂದರೆ ಗಾಡಿಯನ್ನು ಇಡ್ಲಿ ಪಾತ್ರೆಯಲ್ಲಿ ಇಟ್ಟಂತೆ. ಸೀಟಿಗೆ ಬೂಷ್ಟು, ಸ್ಪೋಕ್‌ಗೆ ತುಕ್ಕು, ಕರಾವಳಿಯಾದರೆ ಜೊತೆಗೆ ಉಪ್ಪು ಗಾಳಿ. ಹಳೇ ಹತ್ತಿ ಬೆಡ್‌ಶೀಟು ಹೊದಿಸಿ ಸೂರಿನಡಿ ನಿಲ್ಲಿಸಿದ ಗಾಡಿ ಇದಕ್ಕಿಂತ ಸುಖವಾಗಿರುತ್ತದೆ. ಇಲಿಗಳಿಗಂತೂ ತಾರ್ಪಾಲಿನ ಕತ್ತಲು ಬಾಣಂತಿ ಕೋಣೆ. ಏರ್ ಫಿಲ್ಟರ್ ಡಬ್ಬಿಯಲ್ಲಿ ಹತ್ತಿಯ ಹಾಸಿಗೆ, ಹಸಿವಾದರೆ ವೈರಿನ ಸಿಪ್ಪೆ. ಸೈಲೆನ್ಸರ್ ಬಾಯಲ್ಲಿ ಕಣಜದ ಹುಳು ಮಣ್ಣಿನ ಗೂಡು ಕಟ್ಟುತ್ತದೆ. ಕೊಡಗಿಗೋ ಹಾಸನಕ್ಕೋ ವರ್ಷಕ್ಕೊಮ್ಮೆ ರಜೆಗೆ ಬರುವ ಯೋಧನ ಮೊದಲ ಮೂರು ದಿನ ಗ್ಯಾರೇಜಿನ ಬೆಂಚಿನ ಮೇಲೆ ಕಳೆಯುವುದು ಹೀಗೆ.

ಬೆಂಗಳೂರಿನವರು ನಗಬೇಕಿಲ್ಲ. 2022ರ ಸೆಪ್ಟೆಂಬರ್ ಮಳೆಯಲ್ಲಿ ಹೊರವರ್ತುಲ ರಸ್ತೆಯ ಆಸುಪಾಸಿನ ನೆಲಮಾಳಿಗೆಗಳು ಕೆರೆಗಳಾಗಿದ್ದವು. ಅಂಥ ಕಡೆ ಮುಳುಗೆದ್ದ ಗಾಡಿಯನ್ನು ವಾಚ್‌ಮನ್ ವಾರದ ವಾಡಿಕೆಯಂತೆ ಸೆಲ್ಫ್ ಒತ್ತಿದರೆ ಏನಾಗುತ್ತದೆ? ಸಿಲಿಂಡರ್‌ಗೆ ನುಗ್ಗಿದ ನೀರು ಒತ್ತಡಕ್ಕೆ ಜಗ್ಗುವುದಿಲ್ಲ, ಕನೆಕ್ಟಿಂಗ್ ರಾಡ್ ಬಗ್ಗುತ್ತದೆ. ಆ ದಿನ ಗಾಡಿಯನ್ನು ಉಳಿಸಬಹುದಾಗಿದ್ದ ಒಂದೇ ಉಪಾಯ ಕೀಲಿ ವಾಚ್‌ಮನ್ ಕೈಯಲ್ಲಿ ಇಲ್ಲದಿರುವುದು.

ಕೀಲಿ! ಈ ಶಾಸ್ತ್ರದ ಅತಿ ದೊಡ್ಡ ಅಪರಾಧ ಇಂಜಿನ್‌ನೊಳಗೆ ನಡೆಯುವಂಥದ್ದಲ್ಲ, ಗೋಡೆಯ ಮೊಳೆಯ ಮೇಲೆ ನೇತಾಡುವಂಥದ್ದು. ವಾರಕ್ಕೊಮ್ಮೆ ಸ್ಟಾರ್ಟ್ ಮಾಡಬೇಕೆಂದರೆ ಕೀಲಿ ಯಾರದಾದರೂ ಕೈಯಲ್ಲಿರಬೇಕು. ಇಂದು ತಂದೆ, ನಾಳೆ ಪಕ್ಕದ ಮನೆಯವರು, ನಾಡಿದ್ದು ಚಿಕ್ಕಪ್ಪನ ಹದಿನೇಳರ ಮಗ. "ಸುಮ್ನೆ ನಿಲ್ಸೋ ಬದ್ಲು ಒಂದು ರೌಂಡ್ ಹೊಡ್ಕೊಂಡ್ ಬರ್ತೀನಿ ದೊಡ್ಡಪ್ಪ" ಅನ್ನಲು ಅವನಿಗೆ ಎಷ್ಟು ಹೊತ್ತು? 2019ರಲ್ಲಿ ಮೋಟಾರು ವಾಹನ ಕಾಯ್ದೆಗೆ ಸೇರಿದ 199ಎ ಕಲಂ ಪ್ರಕಾರ ಅಪ್ರಾಪ್ತ ವಯಸ್ಕ ಗಾಡಿ ಓಡಿಸಿ ಅಪರಾಧವೆಸಗಿದರೆ ತನಗೆ ಗೊತ್ತಿಲ್ಲದೆ ನಡೆಯಿತೆಂದು ಸಾಬೀತುಪಡಿಸುವ ಹೊರೆ ಪೋಷಕರ ಅಥವಾ ಮಾಲೀಕನ ಮೇಲೆ. ಆಗದಿದ್ದರೆ ಮೂರು ವರ್ಷದವರೆಗೆ ಸೆರೆವಾಸ, 25,000 ರೂಪಾಯಿ ದಂಡ, ಗಾಡಿಯ ನೋಂದಣಿ 12 ತಿಂಗಳು ರದ್ದು. ಡಲ್ಲಾಸ್‌ನಲ್ಲಿದ್ದೆ ಎಂಬುದು ಜವಾಬಲ್ಲ, ಕೀಲಿಯನ್ನು ಮೊಳೆಗೆ ತೂಗುಹಾಕಿ ಹೋದದ್ದು ಯಾರು? ಗಾಡಿ ಕಳುವಾದರೆ ವಿಮಾ ಕಂಪನಿಯವರು ಕೇಳುವ ಮೊದಲ ವಸ್ತುಗಳಲ್ಲಿ ಎರಡೂ ಕೀಲಿಗಳು ಸೇರಿವೆ. ಒಂದು ವರ್ಷದಲ್ಲಿ ನಾಲ್ಕು ಕೈ ಬದಲಾದ ಕೀಲಿಯನ್ನು ಹುಡುಕುವುದೆಲ್ಲಿ?

"ಓಡಿಸದ ಗಾಡಿಗೆ ಇನ್ಶೂರೆನ್ಸ್ ಯಾಕೆ ದಂಡ?" ಎಂಬ ಜಾಣ ಪ್ರಶ್ನೆಯೂ ಇದರ ಬೆನ್ನಿಗೇ ಬರುತ್ತದೆ. ನಿಂತ ಗಾಡಿಗಿರುವ ಭಯವೇ ಕಳವು, ಬೆಂಕಿ, ನೆರೆ, ಮುರಿದುಬಿದ್ದ ಮರ. ಇವು ಸಮಗ್ರ ವಿಮೆಯಲ್ಲಿ ಬರುತ್ತವೆ. ಥರ್ಡ್ ಪಾರ್ಟಿ ವಿಮೆಯೊಂದೇ ಇದ್ದರೆ ಮಾಲೀಕನಿಗೆ ಬಿಡಿಗಾಸೂ ಇಲ್ಲ. ಸಮಗ್ರ ವಿಮೆ ಮುಗಿದು 90 ದಿನ ಕಳೆದರೆ ವರ್ಷವರ್ಷ ಕೂಡಿಬಂದ ನೋ ಕ್ಲೇಮ್ ಬೋನಸ್ ಹೋಯಿತು, ಅದು ಶೇ 50ರಷ್ಟಿದ್ದರೂ ಹೋಯಿತು. ಇನ್ನು 'ನಿಂತ ಗಾಡಿ ಬಳಕೆಯಲ್ಲಿಲ್ಲ' ಎಂಬ ವಾದ ಕಾನೂನಿನ ಮುಂದೆ ಸುಲಭಕ್ಕೆ ನಿಲ್ಲುವಂಥದ್ದಲ್ಲ. 1987ರಲ್ಲಿ ಪುಣೆ–ಬೆಂಗಳೂರು ಹೆದ್ದಾರಿಯಲ್ಲಿ ಮಗುಚಿಬಿದ್ದಿದ್ದ ಪೆಟ್ರೋಲ್ ಟ್ಯಾಂಕರ್ ಗಂಟೆಗಟ್ಟಲೆ ನಿಂತ ಮೇಲೆ ಸಿಡಿದ ಪ್ರಕರಣದಲ್ಲಿ, ವಾಹನದ 'ಬಳಕೆ' ಎಂಬ ಮಾತಿಗೆ ಅದು ಅಲುಗಾಡದೆ ನಿಂತ ಹೊತ್ತೂ ಸೇರುತ್ತದೆ ಎಂದು ಸುಪ್ರೀಂ ಕೋರ್ಟ್ 1991ರಲ್ಲೇ ಹೇಳಿದೆ. ಮನೆ ಮುಂದಿನ ರಸ್ತೆಯಲ್ಲಿ ವಿಮೆಯಿಲ್ಲದ ಗಾಡಿ ನಿಲ್ಲಿಸಿ ವಿಮಾನ ಹತ್ತುವವರು ಆ ಧೈರ್ಯವನ್ನು ಎಲ್ಲಿಂದ ತರುತ್ತಾರೋ.

ಹಾಗಾದರೆ ಮಾಡಬೇಕಾದದ್ದೇನು? ಗಾಡಿಯನ್ನು ಓಡಿಸಬೇಕು, ಇಲ್ಲವೇ ಸರಿಯಾಗಿ ಮಲಗಿಸಬೇಕು. ಲೈಸೆನ್ಸ್ ಇರುವ, ನಂಬಿಕೆಯ ಒಬ್ಬರು ಹದಿನೈದು ದಿನಕ್ಕೊಮ್ಮೆ ಇಪ್ಪತ್ತು ಕಿಲೋಮೀಟರ್ ಓಡಿಸಿ ತರುತ್ತಾರೆಂದರೆ ಸರಿ, ಚಳಿಗಾಲವಿಡೀ ಹಿಮ ಬೀಳುವ, ಆ ತಿಂಗಳುಗಳಲ್ಲಿ ಗಾಡಿ ಮಲಗಿಸಿಡುವ ದೇಶಗಳವರ ಪಾಠ ಆಗ ಬೇಕಿಲ್ಲ. ಅಂಥವರು ಇಲ್ಲವೇ? ಆ ದೇಶಗಳವರು ಪ್ರತಿವರ್ಷ ಮಾಡುವ ಕೆಲಸವನ್ನೇ ಇಲ್ಲಿಯೂ ಮಾಡಬೇಕು. ಅದು ಒಂದು ಬೆಳಗಿನ ಕೆಲಸ. ಹೊರಡುವ ಹಿಂದಿನ ದಿನ ಗಾಡಿಯನ್ನು ಚೆನ್ನಾಗಿ ಓಡಿಸಿ ಕಾಯಿಸಿ, ಬಿಸಿಯಿರುವಾಗಲೇ ಹಳೇ ಆಯಿಲ್ ಇಳಿಸಿ ಹೊಸದು ಹಾಕಿಸಬೇಕು. ಹಳೇ ಆಯಿಲ್‌ನಲ್ಲಿ ಆಮ್ಲವೂ ನೀರೂ ಇರುತ್ತದೆ. ಕೆಲವು ತಿಂಗಳ ಮಾತಾದರೆ ಟ್ಯಾಂಕನ್ನು ಕತ್ತಿನವರೆಗೆ ತುಂಬಿಸಿ, ದೀಪ-ಒಲೆಗಳಿಂದ ದೂರ, ಗಾಳಿಯಾಡುವ ಕಡೆ ನಿಲ್ಲಿಸಬೇಕು. ಕಾರ್ಬೊರೇಟರ್ ಗಾಡಿಯಾದರೆ ಅದರ ಬಟ್ಟಲನ್ನು ಖಾಲಿ ಮಾಡಬೇಕು. ಬಿಟ್ಟರೆ ತಳದಲ್ಲಿ ಹಸಿರುಗಂದು ಅಂಟು ಕಟ್ಟಿ, ಸೂಜಿ ತೂರದಷ್ಟು ಸಣ್ಣ ಜೆಟ್ ಮುಚ್ಚಿಹೋಗುತ್ತದೆ. ಪ್ಲಗ್ ಬಿಚ್ಚಿ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು, ಟಾಪ್ ಗೇರಿನಲ್ಲಿ ಹಿಂದಿನ ಚಕ್ರವನ್ನು ಕೈಯಿಂದ ತಿರುಗಿಸಿ ಗೋಡೆಗೆಲ್ಲ ಸವರಿಸಿ, ಪ್ಲಗ್ ಮತ್ತೆ ಕೂರಿಸಿ, ಚಕ್ರ ಬಿಗಿಯಾಗಿ ತಡೆದು ನಿಲ್ಲುವ ಕಡೆ ಬಿಡಬೇಕು. ಆಗ ಎರಡೂ ವಾಲ್ವ್ ಮುಚ್ಚಿರುತ್ತವೆ, ಹೊರಗಿನ ತೇವ ಒಳಗೆ ಹೋಗುವುದಿಲ್ಲ. ಬ್ಯಾಟರಿಯ ಕಪ್ಪು ವೈರು ಮೊದಲು, ಕೆಂಪು ಆಮೇಲೆ ಬಿಚ್ಚಿ, ಬ್ಯಾಟರಿಯನ್ನು ಮನೆಯೊಳಗೆ ತಂಪಾದ ಕಡೆ ಇಟ್ಟು ತಿಂಗಳಿಗೊಮ್ಮೆ ಚಾರ್ಜರ್‌ಗೆ ಹಾಕಿದರೆ ಸಾಕು. ಸೆಂಟರ್ ಸ್ಟ್ಯಾಂಡ್, ಚಕ್ರದ ಕೆಳಗೆ ಹಲಗೆ, ಚೈನಿಗೆ ಎಣ್ಣೆ. ತಣ್ಣಗಾದ ಮೇಲೆ ಸೈಲೆನ್ಸರ್ ಬಾಯಿಗೆ ಬಟ್ಟೆ, ಅದಕ್ಕೊಂದು ಕೆಂಪು ರಿಬ್ಬನ್, ಬಂದವನು ಮರೆಯದಿರಲಿ ಎಂದು. ಎರಡೂ ಕೀಲಿ ಬೀರುವಿನೊಳಗೆ, ವಿಮೆ ಚಾಲ್ತಿಯಲ್ಲಿ.

ಇದರಲ್ಲಿ ಯಾವುದೂ ಗುಟ್ಟಿನ ವಿದ್ಯೆಯಲ್ಲ. ಗಾಡಿಯ ಜೊತೆ ಕೊಡುವ ಕೈಪಿಡಿಯಲ್ಲಿ 'ದೀರ್ಘಕಾಲ ನಿಲ್ಲಿಸುವುದು' ಎಂಬ ಪುಟ ಸಾಮಾನ್ಯವಾಗಿ ಇದ್ದೇ ಇರುತ್ತದೆ. ಸೀಟಿನಡಿಯ ಪ್ಲಾಸ್ಟಿಕ್ ಚೀಲದಿಂದ ಅದು ಹೊರಗೆ ಬರುವುದಿಲ್ಲ, ಅಷ್ಟೇ. ಮಳೆಗಾಲದ ಕ್ಯಾಂಪು, ಹಬ್ಬದ ಕ್ಯಾಂಪು ಎಂದು ಬ್ಯಾನರ್ ಕಟ್ಟುವ ಸರ್ವೀಸ್ ಸೆಂಟರ್‌ಗಳಿಗೆ ಊರು ಬಿಡುವವರ ಗಾಡಿ ಮಲಗಿಸಿಕೊಡುವ ಒಂದು ಸರ್ವೀಸ್ ಯಾಕಿಲ್ಲ? ಮನೆಗೇ ಬಂದು ಬ್ಯಾಟರಿ ಬಿಚ್ಚಿ, ಆಯಿಲ್ ಬದಲಿಸಿ, ಕನ್ನಡದಲ್ಲಿ ಅಚ್ಚಾದ ಒಂದು ಹಾಳೆಯನ್ನು ತಂದೆ-ತಾಯಿಯ ಕೈಗೆ ಕೊಟ್ಟು ಹೋಗಲು ಅಡ್ಡಿ ಏನು? ಕೆಟ್ಟ ಗಾಡಿಯಿಂದ ಬರುವ ಬಿಲ್ಲು ದೊಡ್ಡದೆಂಬುದೇ ಅಡ್ಡಿಯಾದರೆ ಅದನ್ನು ಬಾಯಿಬಿಟ್ಟು ಹೇಳಲಿ. ಅಪಾರ್ಟ್‌ಮೆಂಟ್ ಸಂಘಗಳು ಧೂಳು ತಿನ್ನುವ ಗಾಡಿಗಳಿಗೆ ನೋಟಿಸ್ ಅಂಟಿಸುವ ಬದಲು, ನೀರು ನಿಲ್ಲದ ಒಂದು ಮೂಲೆಯನ್ನು ದೂರ ಹೋದವರ ಗಾಡಿಗೆಂದು ಬಿಡಲಿ.

ಮಕ್ಕಳಿಗೂ ಒಂದು ಮಾತು. ಮುಂದಿನ ಭಾನುವಾರ ಫೋನ್ ಮಾಡಿದಾಗ ಗಾಡಿ ಸ್ಟಾರ್ಟ್ ಮಾಡಿದ್ರಾ ಎಂದು ಕೇಳಬೇಡಿ. ಮೆಕ್ಯಾನಿಕ್ ಒಬ್ಬರನ್ನು ಮನೆಗೆ ಕಳಿಸಿ, ಅವರ ಕೂಲಿಯನ್ನು ಅಲ್ಲಿಂದಲೇ ಕಳಿಸಿ, ಗಾಡಿಯನ್ನು ಒಂದೇ ಸಲ ಸರಿಯಾಗಿ ಮಲಗಿಸಿ. ಅಪ್ಪ ಆರಾಮವಾಗಿ ಕೂತು ಕಾಫಿ ಕುಡಿಯಲಿ.